ಮಿಲಿಟ್ರಿ ಸಂಕಪ್ಪನ ಫ್ರಂಟು

ಪುಂಜಾಲಕಟ್ಟೆಯಲ್ಲಿ ಫ್ರಂಟು ಎಂಬ ಶಬ್ದಕ್ಕೆ ಒಬ್ಬನೇ ಹಕ್ಕುದಾರ ಇದ್ದ. ಅವನು ಸಂಕಪ್ಪ ಶೆಟ್ಟಿ. ಬರ್ಮಾ ಯುದ್ಧ ಮುಗಿದ ಮರುವರ್ಷ ಟ್ರಂಕು ಹೊತ್ತುಕೊಂಡು ಬಸ್ಸಿಳಿದವನು, ಅಂದಿನಿಂದ ಮಿಲಿಟ್ರಿ ಸಂಕಪ್ಪ. ಮಹಮ್ಮದ್ ಕುಂಞಿಯ ಚಹಾದ ಹೋಟೆಲಿನಲ್ಲಿ ಗೋಡೆಗೆ ತಾಗಿದ ಬೆಂಚನ್ನು ಯಾರೂ ಅವನ ಹೆಸರಿಗೆ ಬರೆದುಕೊಟ್ಟಿರಲಿಲ್ಲ. ಆದರೂ ಬೆಳ್ತಂಗಡಿಗೆ ಹೋಗುವ ಮೊದಲ ಬಸ್ಸಿನ ಹೊತ್ತಿಗೆ ಅಲ್ಲಿ ಬೇರೆ ಯಾರಾದರೂ ಕೂತದ್ದನ್ನು ಕಂಡವರಿಲ್ಲ.

“ಫ್ರಂಟು ಅಂದ್ರೆ ಗಡಿ ಅಲ್ಲ ಮಾರಾಯ” ಎಂದು ಅವನು ಶುರುಮಾಡುತ್ತಿದ್ದ. “ಗಡಿ ನಕ್ಷೆಯಲ್ಲಿ ಇರ್ತದೆ. ಸರ್ವೆಯವನು ಕಲ್ಲು ಹಾಕಿದಲ್ಲಿ ಇರ್ತದೆ. ಎರಡು ಕಡೆಯ ಜನ ಎಲ್ಲಿ ಎದುರೆದುರು ಆಗ್ತಾರೋ ಅದು ಫ್ರಂಟು. ಇವತ್ತು ಇಲ್ಲಿ, ನಾಳೆ ಎರಡು ಮೈಲು ಆಚೆ.”

ಇಷ್ಟರವರೆಗೆ ಅವನು ಹೇಳುತ್ತಿದ್ದದ್ದು ಅಪ್ಪಟ ಸತ್ಯ. ಅಪಾಯ ಇದ್ದದ್ದು ಎರಡನೆಯ ಚಹಾದಲ್ಲಿ. ಎರಡನೆಯ ಚಹಾದ ಫ್ರಂಟಿನಲ್ಲಿ ಆಕಾಶಕ್ಕೆ ಬೆಂಕಿ ಹಿಡಿಯುತ್ತಿತ್ತು, ಜಪಾನಿನವರು ಮರದಿಂದ ಉದುರುತ್ತಿದ್ದರು, ಸಂಕಪ್ಪ ಹುಲ್ಲಿನ ಬೇರು ಜಗಿದುಕೊಂಡು ಒಂಬತ್ತು ದಿನ ಹೊಂಡದಲ್ಲಿ ಮಲಗುತ್ತಿದ್ದ. “ಹತ್ತು ಜನ ಹೋದರೆ ಬಂದದ್ದು ಒಬ್ಬ” ಎಂದು ಹೇಳಿ, ಅಂಗಿಯ ತೋಳು ಮೇಲಕ್ಕೆ ಸರಿಸುತ್ತಿದ್ದ. ಬಲಗೈಯಲ್ಲಿ ಮಣಿಕಟ್ಟಿನಿಂದ ಮೊಣಕೈವರೆಗೆ ಸುಟ್ಟ ಕಲೆಗಳು. “ಶೆಲ್ಲು” ಎನ್ನುತ್ತಿದ್ದ. ಆಗ ಕುಂಞಿ ಮೂರನೆಯ ಚಹಾವನ್ನು ತಾನಾಗಿಯೇ ತಂದಿಡುತ್ತಿದ್ದ.

ಈ ಕಥೆಗಳನ್ನು ಎಲ್ಲರಿಗಿಂತ ಹೆಚ್ಚು ಕೇಳಿದವನು ಅಕ್ಕ ಪ್ರೇಮಾವತಿಯ ಮಗ ನಿತ್ಯಾನಂದ. ಅಳಿಯಕಟ್ಟಿನ ಮನೆ ಅದು. ಸೋದರಮಾವನೇ ಯಜಮಾನ, ಅವನು ಹೇಳಿದರೆ ಮುಗಿಯಿತು. ಹುಡುಗ ಮೂಡಬಿದಿರೆಯಲ್ಲಿ ಹೈಸ್ಕೂಲು ಮುಗಿಸಿದ. ಚೀನಾ ಯುದ್ಧದ ಮರುವರ್ಷ ಯಾರಿಗೂ ಹೇಳದೆ ಮಂಗಳೂರಿಗೆ ಹೋಗಿ ಸೈನ್ಯಕ್ಕೆ ಸೇರಲು ಹೆಸರು ಕೊಟ್ಟು ಬಂದ. ಪ್ರೇಮಾವತಿ ತಮ್ಮನ ಮುಖ ನೋಡಿದಳು, ಬೇಡ ಎಂದಾನೇನೋ ಎಂದು.

“ಹೋಗ್ಲಿ ಅಕ್ಕ. ನಾನು ಹೋಗಿ ಬರ್ಲಿಲ್ವಾ?” ಎಂದ ಸಂಕಪ್ಪ. ಹಾಗೆ ಹೇಳುವಾಗ ಅವನ ಎದೆ ಎರಡಂಗುಲ ಉಬ್ಬಿತ್ತು.

ಅದಾಗಿ ಎರಡು ವರ್ಷಕ್ಕೆ, ಅರವತ್ತೈದರ ಸೆಪ್ಟೆಂಬರಿನಲ್ಲಿ, ಪಾಕಿಸ್ತಾನದ ಯುದ್ಧ ಶುರುವಾಯಿತು. ಅದೇ ವಾರ ಪೋಸ್ಟಿನ ತುಕ್ರಪ್ಪ ಒಂದು ಇನ್‌ಲ್ಯಾಂಡ್ ಕಾಗದ ತಂದುಕೊಟ್ಟ. ನಿತ್ಯಾನಂದನ ತಂಗಿ ವಿನೋದಾ ಜಗಲಿಯಲ್ಲಿ ನಿಂತು ಓದಿದಳು. ‘ನಾವು ನಾಳೆ ಫ್ರಂಟಿಗೆ ಹೊರಡುತ್ತೇವೆ. ಸ್ವಲ್ಪ ದಿನ ಕಾಗದ ಬಾರದಿದ್ದರೆ ಹೆದರಬೇಡಿ.’

ಹೆದರಬೇಡಿ ಎಂದು ಬರೆದದ್ದನ್ನು ಓದಿ ಹೆದರದ ತಾಯಿ ಯಾರಿದ್ದಾರೆ? ಪ್ರೇಮಾವತಿ ಕಾಗದವನ್ನು ಮಡಚಿ ದೇವರ ಪಟದ ಹಿಂದೆ ಇಟ್ಟಳು, ದನಕ್ಕೆ ಹುಲ್ಲು ಹಾಕಲು ಹೋದಳು.

ಸಂಕಪ್ಪನಿಗೆ, ನಿಜ ಹೇಳಬೇಕೆಂದರೆ, ಮೊದಲ ಎರಡು ದಿನ ಹಬ್ಬವೇ ಆಯಿತು. ಕುಂಞಿಯ ಹೋಟೆಲಿನ ರೇಡಿಯೋದ ಸುತ್ತ ಜನ ಜಮಾಯಿಸಿದರು. ರೇಡಿಯೋದವರು ಸೆಕ್ಟರು ಸೆಕ್ಟರು ಎನ್ನುತ್ತಾರಲ್ಲ, ಅದೆಂತದು ಎಂದು ಜನ ಕೇಳಿದರು.

“ಅದು ಫ್ರಂಟಿನದ್ದೇ ಒಂದೊಂದು ತುಂಡು. ನಮ್ಮದು ಬೈಲು ಗದ್ದೆ, ಮಜಲು ಗದ್ದೆ, ಬೆಟ್ಟು ಗದ್ದೆ ಅಂತ ಇಲ್ವಾ? ಒಂದೇ ಬೇಸಾಯ, ಆದರೆ ನೀರು ಬೇರೆ, ಆಳು ಬೇರೆ. ಹಾಗೆ.”

ಜನ ತಲೆದೂಗಿದರು. ಸಂಕಪ್ಪನಿಗೆ ಇಪ್ಪತ್ತು ವರ್ಷದಲ್ಲಿ ಇಷ್ಟು ಮರ್ಯಾದೆ ಸಿಕ್ಕಿರಲಿಲ್ಲ. ಮಧ್ಯಾಹ್ನ ಮನೆಗೆ ಬಂದು ಕಾಲು ತೊಳೆದು ಊಟಕ್ಕೆ ಕೂತ. ಅಕ್ಕ ಬಡಿಸಲಿಲ್ಲ. ಅನ್ನದ ಪಾತ್ರೆಯ ಹತ್ತಿರ ಸುಮ್ಮನೆ ಕೂತಿದ್ದಳು.

“ಸಂಕಪ್ಪ, ಹತ್ತರಲ್ಲಿ ಒಬ್ಬ ಅಂತ ನೀನು ಹೇಳಿದ್ದಲ್ವಾ?”

ಎಲೆಗೆ ನೀರು ಚಿಮುಕಿಸುತ್ತಿದ್ದ ಅವನು ತಲೆ ಎತ್ತಿದ.

“ಎಂತದ್ದು ಅಕ್ಕ?”

“ಫ್ರಂಟಿಗೆ ಹತ್ತು ಜನ ಹೋದರೆ ಬರುವುದು ಒಬ್ಬ ಅಂತ. ಮಗು ಚಿಕ್ಕದಿರುವಾಗಿಂದ ನೀನು ಹೇಳ್ತಾ ಇದ್ದದ್ದು ಅದನ್ನೇ. ಆ ಒಬ್ಬ ನೀನು. ಒಂದು ಮನೆಗೆ ಎರಡು ಸಲ ಆ ಅದೃಷ್ಟ ಬರ್ತದಾ?”

“ಎಲ್ಲ ಫ್ರಂಟೂ ಹಾಗಲ್ಲ ಅಕ್ಕ. ಅದು ಬರ್ಮಾ, ಇದು ಪಂಜಾಬು…”

“ನನ್ನ ಸಮಾಧಾನಕ್ಕೆ ಹೇಳ್ಬೇಡ. ಇಪ್ಪತ್ತು ವರ್ಷ ಒಂದು ಮಾತು ಹೇಳಿ, ಇವತ್ತು ನನ್ನ ಮುಖ ನೋಡಿ ಬೇರೆ ಹೇಳ್ತಿದ್ದೀಯಾ?” ಅವಳು ಎದ್ದು ನಿಂತಳು. “ಅವನ ಕೈಬರಹ ಕಾಣುವವರೆಗೆ ನಾನು ಅನ್ನ ಮುಟ್ಟುವುದಿಲ್ಲ. ದೈವದ ಎದುರು ಹೇಳಿ ಆಗಿದೆ.”

ಈ ಸೀಮೆಯಲ್ಲಿ ಅನ್ನ ಬಿಡುವುದು ಎಂದರೆ ಊಟವನ್ನೇ ಬಿಟ್ಟ ಹಾಗೆ. ಬೆಳಿಗ್ಗೆ ಗಂಜಿ, ಮಧ್ಯಾಹ್ನ ಅನ್ನ, ರಾತ್ರಿ ಮತ್ತೆ ಗಂಜಿ; ದೋಸೆಯೂ ಅಕ್ಕಿಯದ್ದೇ, ಕಡುಬೂ ಅಕ್ಕಿಯದ್ದೇ. ಉಳಿದದ್ದು ಗೆಣಸು, ಬಾಳೆಹಣ್ಣು, ಬೆಲ್ಲದ ಕಾಫಿ. ನಲವತ್ತೆಂಟು ವರ್ಷದ ಹೆಂಗಸು ಅದರಲ್ಲೇ ಗದ್ದೆಗೂ ದನದ ಹಟ್ಟಿಗೂ ಓಡಾಡತೊಡಗಿದಳು. ಒಂದು ವಾರಕ್ಕೆ ಕೆನ್ನೆ ಒಳಗೆ ಹೋಯಿತು. ಎರಡನೆಯ ವಾರಕ್ಕೆ ಕೈಬಳೆ ಮೊಣಕೈವರೆಗೆ ಜಾರತೊಡಗಿತು.

ಯುದ್ಧ ನಿಂತಿತು ಎಂದು ರೇಡಿಯೋ ಹೇಳಿದ ದಿನ ಕುಂಞಿ ಎಲ್ಲರಿಗೂ ಪುಕ್ಕಟೆ ಚಹಾ ಕೊಟ್ಟ. ಸಂಕಪ್ಪ ಮನೆಗೆ ಓಡುತ್ತಲೇ ಹೋದ. “ಅಕ್ಕ, ಮುಗಿಯಿತಂತೆ!” ಎಂದ. “ಕಾಗದ ಬಂತಾ?” ಎಂದು ಅವಳು ಕೇಳಿದಳು. ಅಷ್ಟಕ್ಕೇ ಮಾತು ಮುಗಿಯಿತು.

ಅಷ್ಟರಲ್ಲಿ ಗದ್ದೆಯಲ್ಲಿ ಪೈರು ಹಣ್ಣಾಯಿತು. ತೆನೆ ತಂದು ಮಾವಿನ ಎಲೆ, ಹಲಸಿನ ಎಲೆ ಸೇರಿಸಿ ಮನೆಯ ಕಂಬಕ್ಕೆ ಕಟ್ಟಿದ್ದೂ ಆಯಿತು. ಇನ್ನು ಪುದ್ದರ್, ಎಂದರೆ ಹೊಸ ಅಕ್ಕಿಯ ಊಟ. ಆ ದಿನ ಮನೆಯವರೂ ಒಕ್ಕಲುಗಳೂ ಸಾಲಾಗಿ ಕೂರಬೇಕು. ಕಿರಿಯರು ಒಬ್ಬೊಬ್ಬರಾಗಿ ಹಿರಿಯರಿಗೆ “ಹೊಸತು ಉಣ್ತೇನೆ” ಎಂದು ಹೇಳಿ ಅಪ್ಪಣೆ ಪಡೆಯಬೇಕು. ಮನೆಯ ಹಿರಿಯ ಜೀವ ಮೊದಲ ತುತ್ತು ತೆಗೆಯದೆ ಉಳಿದವರು ಎಲೆ ಮುಟ್ಟುವ ಹಾಗಿಲ್ಲ. ಆ ಮನೆಯಲ್ಲಿ ಹಿರಿಯ ಜೀವ ಪ್ರೇಮಾವತಿ. ಯಜಮಾನಿಕೆ ಸಂಕಪ್ಪನದ್ದಾದರೂ ವಯಸ್ಸು ಅವಳದ್ದು.

“ನೀವೆಲ್ಲ ಉಣ್ಣಿ” ಎಂದಳು ಅವಳು. ಹೇಗೆ ಉಣ್ಣುವುದು? ಹೊಸ ಅಕ್ಕಿ ಅಳತೆಯ ಕಳಸಿಗೆಯಲ್ಲೇ ಉಳಿಯಿತು. ಒಕ್ಕಲುಗಳು ಬಂದು ಯಾವಾಗ ಎಂದು ಕೇಳಿ ಕೇಳಿ ಹೋದರು.

ಒಂದು ಸೋಮವಾರ ಬೆಳಿಗ್ಗೆ ಅವಳು ಬಾವಿಕಟ್ಟೆಯಲ್ಲಿ ಕೊಡ ಎತ್ತುತ್ತಾ ಕುಸಿದಳು. ವಿನೋದಾ ಕಿರುಚಿದ್ದು ಕೇಳಿ ಸಂಕಪ್ಪ ಓಡಿಬಂದ. ಎತ್ತಿಕೊಂಡಾಗ ಅಕ್ಕನ ಭಾರವೇ ತಿಳಿಯಲಿಲ್ಲ. ತನ್ನನ್ನು ಸೊಂಟದಲ್ಲಿ ಎತ್ತಿಕೊಂಡು ಗದ್ದೆಯ ಅಂಚಿನ ಹುಣಿಯಲ್ಲಿ ಸುತ್ತಿದ ಅಕ್ಕ. ಜಗಲಿಯಲ್ಲಿ ಮಲಗಿಸಿ ಮುಖಕ್ಕೆ ನೀರು ಹಾಕುವಾಗ ಅವನಿಗೆ ಅಳು ಬಂತು. ಇವಳನ್ನು ಕೊಲ್ಲುತ್ತಿರುವುದು ಪಾಕಿಸ್ತಾನದವರಲ್ಲ, ತನ್ನ ಎರಡನೆಯ ಚಹಾದ ಕಥೆ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಆ ಕಥೆಯನ್ನು ಕೆಡವದೆ ಅವಳು ಬದುಕುವುದಿಲ್ಲ ಎಂಬುದೂ ಗೊತ್ತಿತ್ತು. ಕೆಡವಿದರೆ ತಾನು ಯಾರು ಎಂಬುದು ಮಾತ್ರ ಗೊತ್ತಿರಲಿಲ್ಲ.

ಅವಳು ಕಣ್ಣು ಬಿಟ್ಟಳು. ಅವನು ಹತ್ತಿರ ಕೂತು, ಮುಖ ನೋಡದೆ ಹೇಳಿದ: “ಅಕ್ಕ, ನಾನು ಫ್ರಂಟಿಗೆ ಹೋದವನೇ ಅಲ್ಲ. ನಾನು ಅಡುಗೆಯವ.”

ಪ್ರೇಮಾವತಿ ಅವನನ್ನೇ ನೋಡಿದಳು. ಆಮೇಲೆ ಅವನ ಕೈ ಸವರಿ, “ನನ್ನ ಉಪವಾಸ ಬಿಡಿಸ್ಲಿಕ್ಕೆ ನೀನು ಇಷ್ಟು ಕೆಳಗೆ ಇಳೀಬೇಕಾ ಮಾರಾಯ?” ಎಂದಳು.

ಇದೊಂದು ತಮಾಷೆ ನೋಡಿ. ಇಪ್ಪತ್ತು ವರ್ಷ ಸುಳ್ಳು ಹೇಳಿದಾಗ ಊರೇ ನಂಬಿತ್ತು. ಒಂದು ದಿನ ನಿಜ ಹೇಳಿದರೆ ಸ್ವಂತ ಅಕ್ಕನೂ ನಂಬಲೊಲ್ಲಳು. ಸಂಕಪ್ಪ ಎದ್ದ. ಅಂಗಿಯನ್ನೂ ಹಾಕದೆ, ಹೆಗಲಿಗೆ ಬೈರಾಸು ಹಾಕಿಕೊಂಡು ಸೀದಾ ಕುಂಞಿಯ ಹೋಟೆಲಿಗೆ ಹೋದ.

“ಕುಂಞಿ, ನಿನ್ನ ಹತ್ತಿರ ಗೋಧಿ ಹಿಟ್ಟು ಉಂಟಲ್ಲ?”

ಇತ್ತು. ಆ ವರ್ಷ ಅಕ್ಕಿಗೆ ತತ್ವಾರ, ರೇಷನ್ನಿನಲ್ಲಿ ಕೊಡುತ್ತಿದ್ದದ್ದು ಅಮೆರಿಕದ ಗೋಧಿ. ಅದನ್ನು ಏನು ಮಾಡಬೇಕೆಂದು ಊರಿಗೆ ತಿಳಿಯದೆ ಅರ್ಧ ಜನ ಕೋಳಿಗೆ ಹಾಕುತ್ತಿದ್ದರು. ಕುಂಞಿ ಬಂಟ್ವಾಳದಲ್ಲಿ ಬೀಸಿಸಿ ತಂದು ಗೋಧಿ ದೋಸೆ ಮಾಡಿ ನೋಡಿದ್ದ. ತಿಂದವರು ಮರುದಿನ ಆ ಕಡೆ ಬಂದಿರಲಿಲ್ಲ.

“ಗೋಡೆಗೆ ಪೋಸ್ಟರು ಅಂಟಿಸ್ಲಿಕ್ಕಾ ಶೆಟ್ರೇ?” ಎಂದ ಕುಂಞಿ.

“ಬಾ, ನೋಡು” ಎಂದ ಸಂಕಪ್ಪ. ಅವನ ಮುಖ ನೋಡಿ ಕುಂಞಿ ತಮಾಷೆ ಬಿಟ್ಟು ಹಿಟ್ಟಿನ ಚೀಲ ತಾನೇ ಹೊತ್ತುಕೊಂಡು ಹಿಂದೆ ಬಂದ. ಹೋಟೆಲಿನಲ್ಲಿದ್ದ ನಾಲ್ಕು ಜನವೂ ಚಹಾ ಬಿಟ್ಟು ಅವನ ಹಿಂದೆ ಬಂದರು. ಬರಬೇಡಿ ಎಂದು ಸಂಕಪ್ಪ ಹೇಳಲಿಲ್ಲ.

ಅಂಗಳದಲ್ಲಿ ಭತ್ತ ಬೇಯಿಸುವ ಒಲೆಗೆ ಬೆಂಕಿ ಹಾಕಿ, ದೊಡ್ಡ ಕಾವಲಿ ಇಟ್ಟ. ಬೋಗುಣಿಯಲ್ಲಿ ಹಿಟ್ಟಿಗೆ ನೀರು ಹಾಕಿ ಕಲಸಲು ಕೂತ. ಎರಡು ಮುಷ್ಟಿಯಿಂದ ಗುದ್ದಿ, ಮಡಚಿ, ಮತ್ತೆ ಗುದ್ದಿ, ನಾದಿದ. ಉಂಡೆ ಹರಿದು ಎರಡು ಅಂಗೈಗಳ ನಡುವೆ ಚಟಚಟ ತಟ್ಟತೊಡಗಿದ. ಮಣೆ ಇಲ್ಲ, ಲಟ್ಟಣಿಗೆ ಇಲ್ಲ. ಕೈಯಿಂದ ಕೈಗೆ ಹಾರುತ್ತಾ ಉಂಡೆ ಅಗಲವಾಗುತ್ತಾ ಹೋಯಿತು. ಅಂಗೈಯಷ್ಟಿದ್ದದ್ದು ಎಲೆಯಷ್ಟಾಯಿತು, ಹುಣ್ಣಿಮೆಯ ಚಂದ್ರನ ಹಾಗೆ ದುಂಡಗೆ. ಕಾವಲಿಗೆ ಎಸೆದ. ಅದು ಬೇಯುವಷ್ಟರಲ್ಲಿ ಇನ್ನೊಂದು ಕೈಯಲ್ಲಿತ್ತು. ಮೊದಲನೆಯದನ್ನು ಬರಿಗೈಯಲ್ಲೇ ಎತ್ತಿ ಕೆಂಡಕ್ಕೆ ಹಾಕಿದ. ಅದು ಉಬ್ಬಿ ನಿಂತಿತು. ಅಂಗಳದಲ್ಲಿದ್ದವರು ಇನ್ನೂ ಹತ್ತಿರ ಬಂದು ನಿಂತರು. ಆ ಊರಿನ ಗಂಡಸೊಬ್ಬ ಹೀಗೆ ರೊಟ್ಟಿ ತಟ್ಟುವುದನ್ನು, ಗಂಡಸು ಯಾಕೆ, ಹೆಂಗಸು ತಟ್ಟುವುದನ್ನೂ ಅವರು ನೋಡಿರಲಿಲ್ಲ.

ಪ್ರೇಮಾವತಿ ಕಂಬ ಹಿಡಿದುಕೊಂಡು ಜಗಲಿಯ ಅಂಚಿಗೆ ಬಂದಿದ್ದಳು.

“ನೋಡು ಅಕ್ಕ” ಎಂದ ಸಂಕಪ್ಪ, ಕೈ ನಿಲ್ಲಿಸದೆ. “ಇದು ಒಂದು ದಿನದಲ್ಲಿ ಬರುವ ಕೆಲಸ ಅಲ್ಲ. ಹೇಸರಗತ್ತೆಯ ಮೇಲೆ ಸಾಮಾನು ಹೇರಿ ಫ್ರಂಟಿಗೆ ಮುಟ್ಟಿಸುವ ಕಂಪೆನಿ ನಮ್ಮದು. ಉತ್ತರದ ಜನ, ಅಕ್ಕಿ ಕಂಡರೆ ಆಗದವರು. ನಾನು ಅವರ ಲಂಗರಿನಲ್ಲಿ, ಅಂದ್ರೆ ಅಡುಗೆ ಕೊಟ್ಟಿಗೆಯಲ್ಲಿ, ನಾಲ್ಕು ವರ್ಷ. ಫ್ರಂಟು ನಮ್ಮಿಂದ ಹದಿನೆಂಟು ಮೈಲು ಮುಂದೆ. ಶಬ್ದ ಮಾತ್ರ ಕೇಳ್ತಿತ್ತು, ಗುಡುಗಿನ ಹಾಗೆ.” ಬಲಗೈ ಮುಂದೆ ಚಾಚಿದ. “ಇದು ಶೆಲ್ಲು ಅಲ್ಲ. ಅವರದ್ದು ನೆಲದಲ್ಲಿ ಹೂತ ಹಂಡೆಯ ಹಾಗಿನ ಒಲೆ. ಅದರ ಒಳಗೆ ಕೈ ಹಾಕಿ ರೊಟ್ಟಿ ಅಂಟಿಸಬೇಕು. ಮೊದಲ ತಿಂಗಳು ದಿನಾ ಸುಟ್ಟುಕೊಂಡೆ.”

ಕುಂಞಿಯ ಬಾಯಿ ತೆರೆದದ್ದು ತೆರೆದೇ ಇತ್ತು. ಅವನು ಪಾಪ, ಇಪ್ಪತ್ತು ವರ್ಷದ ಮೂರನೆಯ ಚಹಾಗಳನ್ನು ನೆನೆಸಿಕೊಳ್ಳುತ್ತಿದ್ದಿರಬೇಕು.

“ಮತ್ತೆ ಹತ್ತರಲ್ಲಿ ಒಬ್ಬ ಅಂತ ಯಾಕೆ ಹೇಳಿದೆ?” ಪ್ರೇಮಾವತಿಯ ಸ್ವರ ಏರಿತು. “ನನ್ನ ಮಗ ಅದನ್ನು ಕೇಳಿ ಹೋದ ಸಂಕಪ್ಪ!”

ಅವನು ತಟ್ಟುವುದನ್ನು ನಿಲ್ಲಿಸಿದ.

“ಅಡುಗೆ ಮಾಡಿದೆ ಅಂತ ಹೇಳಿದರೆ ಯಾರು ಕೇಳ್ತಾರೆ ಅಂತ ಹೇಳಿದೆ. ಅದು ನನ್ನ ತಪ್ಪು. ಅವನು ಅಡುಗೆಯವ ಅಲ್ಲ ಅಕ್ಕ, ಬಂದೂಕಿನವ. ಅವನು ನಿಜವಾದ ಫ್ರಂಟಿಗೇ ಹೋಗಿದ್ದಾನೆ. ಹುಷಾರಾಗಿದ್ದಾನೆ ಅಂತ ನಾನು ಹೇಳಿದರೆ ಅದೂ ಸುಳ್ಳು. ನನಗೆ ಗೊತ್ತಿಲ್ಲ. ಆದರೆ ಎಷ್ಟು ಜನ ಹೋದರು, ಎಷ್ಟು ಜನ ಬಂದರು ಅಂತ ಅಡುಗೆಯವನಿಗೆ ಗೊತ್ತಿರುವಷ್ಟು ಜನರಲ್ ಸಾಹೇಬನಿಗೂ ಗೊತ್ತಿರುವುದಿಲ್ಲ. ಯಾಕೆಂದರೆ ರೊಟ್ಟಿ ಎಣಿಸಿಯೇ ಮಾಡುವುದು.”

ಅವನು ಸ್ವಲ್ಪ ಹೊತ್ತು ಕೈಯ ಹಿಟ್ಟು ಉಜ್ಜಿಕೊಂಡ.

“ಒಂದು ಸಲ ನಮ್ಮವರು ಮುಂದೆ ಹೋದರು. ನೂರ ಇಪ್ಪತ್ತು ಜನ. ಎಲ್ಲದಕ್ಕಿಂತ ಕೆಟ್ಟ ದಿನ ಅದು. ಬರುವ ಹೊತ್ತಿಗೆ ನಾನು ತಲೆಗೆ ನಾಲ್ಕರ ಹಾಗೆ ರೊಟ್ಟಿ ಮಾಡಿ ಇಟ್ಟಿದ್ದೆ. ಎಲ್ಲರೂ ತಿಂದು ಎದ್ದ ಮೇಲೆ ನಲವತ್ತನಾಲ್ಕು ಉಳಿಯಿತು. ಹನ್ನೊಂದು ಜನ ಬರಲಿಲ್ಲ ಅಕ್ಕ. ಆ ನಲವತ್ತನಾಲ್ಕು ರೊಟ್ಟಿಯನ್ನು ಬಿಸಾಡ್ಲಿಕ್ಕೆ ನನಗೆ ಆಗಲಿಲ್ಲ. ಬಟ್ಟೆ ಮುಚ್ಚಿ ಎರಡು ದಿನ ಇಟ್ಟೆ. ತಿಂಗಳು ಕಳೆದು, ಆ ಹನ್ನೊಂದರಲ್ಲಿ ನಾಲ್ಕು ಜನ ಆಸ್ಪತ್ರೆಯಿಂದ ನಡೆದುಕೊಂಡು ಬಂದು ನನ್ನ ಎದುರು ತಟ್ಟೆ ಹಿಡಿದರು. ಏಳು ಜನ ಬರಲೇ ಇಲ್ಲ. ನೂರ ಇಪ್ಪತ್ತರಲ್ಲಿ ನೂರ ಹದಿಮೂರು ಜನ ನನ್ನ ಕೈಯ ರೊಟ್ಟಿ ತಿಂದಿದ್ದಾರೆ. ಇದು ನಿಜ. ಹತ್ತರಲ್ಲಿ ಒಬ್ಬ ಅಂದದ್ದು ಕುಂಞಿಯ ಚಹಾಕ್ಕೆ.”

ಹೇಳುತ್ತಾ ಹೇಳುತ್ತಾ ಅವನ ಕಣ್ಣಿನಲ್ಲಿ ನೀರು ಬಂದಿತ್ತು. ಆ ಏಳು ಜನರ ಹೆಸರು ಅವನಿಗೆ ಇವತ್ತಿಗೂ ಬಾಯಿಪಾಠ. ಊರಿಗೆ ಬಂದ ಮೇಲೆ ಅವನು ಒಮ್ಮೆಯೂ ಒಲೆಯ ಹತ್ತಿರ ಸುಳಿಯದೆ ಇದ್ದದ್ದು ಬರೀ ನಾಚಿಕೆಯಿಂದಲ್ಲ.

ಪ್ರೇಮಾವತಿ ಮೆಟ್ಟಿಲಿಳಿದು ಬಂದು ಒಲೆಯ ಎದುರು ಕುಕ್ಕುರು ಕೂತಳು.

“ಇದರಲ್ಲಿ ಅಕ್ಕಿ ಉಂಟಾ?”

“ಒಂದು ಕಾಳೂ ಇಲ್ಲ. ಬರೀ ಗೋಧಿ. ನೀನು ಬಿಟ್ಟದ್ದು ಅನ್ನ ಅಲ್ವಾ ಅಕ್ಕ? ದೈವಕ್ಕೆ ಕೊಟ್ಟ ಮಾತಿಗೆ ಭಂಗ ಇಲ್ಲ.”

ಅವಳು ಒಂದು ರೊಟ್ಟಿ ತೆಗೆದುಕೊಂಡಳು. ಬೆಲ್ಲ ತರಲು ವಿನೋದಾ ಒಳಗೆ ಓಡಿದಳು. ಬೆಲ್ಲ ಬರುವಷ್ಟರಲ್ಲಿ ಒಂದು ರೊಟ್ಟಿ ಮುಗಿದಿತ್ತು.

“ತೊಗಲಿನ ಹಾಗೆ ಉಂಟು” ಎಂದಳು ಪ್ರೇಮಾವತಿ. “ಇನ್ನೊಂದು ಕೊಡು.”

ನಾಲ್ಕು ತಿಂದಳು. ಸಂಕಪ್ಪ ಎಣಿಸಿದ.

ಮರುದಿನದಿಂದ ಪೇಟೆಯಲ್ಲಿ ಮಿಲಿಟ್ರಿ ಸಂಕಪ್ಪ ಸತ್ತು ರೊಟ್ಟಿ ಸಂಕಪ್ಪ ಹುಟ್ಟಿದ. ಹುಡುಗರು ಅವನನ್ನು ಕಂಡರೆ ಅಂಗೈ ತಟ್ಟುತ್ತಿದ್ದರು. ಅವನು ಒಂದು ವಾರ ಹೋಟೆಲಿನ ಕಡೆ ಹೋಗಲಿಲ್ಲ. ಕೊನೆಗೆ ಕುಂಞಿಯೇ ಬಂದು, “ಶೆಟ್ರೇ, ಆ ಬೆಂಚಿನಲ್ಲಿ ಯಾರೂ ಕೂತುಕೊಳ್ಳುವುದಿಲ್ಲ. ನಿಮಗೆ ಬೇಡದಿದ್ದರೆ ಕಟ್ಟಿಗೆಗೆ ಒಡೀತೇನೆ” ಎಂದ. ಆಮೇಲೆ ಸ್ವಲ್ಪ ಸಣ್ಣ ಸ್ವರದಲ್ಲಿ, “ನನಗೂ ಆ ರೊಟ್ಟಿ ಕಲಿಸಿ. ಹಿಟ್ಟಿಗೆ ಹುಳ ಬೀಳ್ತಾ ಉಂಟು” ಎಂದು ಸೇರಿಸಿದ. ಸಂಕಪ್ಪ ಹೋಗಿ ಕಲಿಸಿದ. ಕುಂಞಿಯ ಮೊದಲ ರೊಟ್ಟಿ ಯಾವ ದೇಶದ ನಕ್ಷೆ ಎಂದು ಪೇಟೆಯಲ್ಲಿ ಸಂಜೆವರೆಗೆ ಚರ್ಚೆಯಾಯಿತು.

ಮನೆಯಲ್ಲಿ ಅವನು ದಿನಾ ಅಕ್ಕನಿಗೆ ರೊಟ್ಟಿ ತಟ್ಟಿದ. ಅವಳ ಕೆನ್ನೆ ತುಂಬತೊಡಗಿತು. ಕಾಗದ ಮಾತ್ರ ಬರಲಿಲ್ಲ. ನೂರ ಇಪ್ಪತ್ತರಲ್ಲಿ ಏಳು ಎಂಬ ಲೆಕ್ಕವನ್ನು ಅವಳು ಹಗಲೆಲ್ಲ ಹಿಡಿದುಕೊಂಡಿರುವುದು ಅವನಿಗೆ ಕಾಣುತ್ತಿತ್ತು. ಏಳು ಸಣ್ಣ ಸಂಖ್ಯೆ. ಆದರೆ ತಾಯಿಗೆ ಒಂದೇ ದೊಡ್ಡದು.

ಹನ್ನೆರಡನೆಯ ದಿನ, ಬಂಟ್ವಾಳದ ಮಧ್ಯಾಹ್ನದ ಬಸ್ಸು ಹೋಗಿ ಅರ್ಧ ಗಂಟೆಯಾಗಿರಬೇಕು, ತುಕ್ರಪ್ಪ ಗದ್ದೆಯ ಹುಣಿಯಲ್ಲಿ ಓಡುತ್ತಾ ಬಂದ. ಪೋಸ್ಟಿನ ತುಕ್ರಪ್ಪ ಓಡಿದ್ದನ್ನು ಊರು ಅದೇ ಮೊದಲು ನೋಡಿದ್ದು. ಕಾಗದ ಎತ್ತಿ ಹಿಡಿದಿದ್ದ. “ಅಮ್ಮಾ, ಅವನದ್ದೇ ಅಕ್ಷರ!” ಎಂದು ದೂರದಿಂದಲೇ ಕೂಗಿದ.

ವಿನೋದಾ ಓದಿದಳು. ಕಾಲಿಗೆ ಪೆಟ್ಟಾಗಿ ಆಸ್ಪತ್ರೆಯಲ್ಲಿದ್ದನಂತೆ, ಹಾಗಾಗಿ ಬರೆಯಲು ತಡವಾಯಿತಂತೆ. ಈಗ ಕೋಲು ಹಿಡಿದು ನಡೆಯುತ್ತಾನಂತೆ, ಇನ್ನೊಂದು ತಿಂಗಳಿಗೆ ಕೋಲೂ ಬೇಡವಂತೆ, ರಜೆ ಸಿಗುತ್ತದಂತೆ. ಪ್ರೇಮಾವತಿ ಕಾಗದವನ್ನು ಕೈಗೆ ತೆಗೆದುಕೊಂಡಳು. ಓದಲು ಬಾರದಿದ್ದರೂ ಆ ಅಕ್ಷರಗಳ ಮೇಲೆ ಬೆರಳಾಡಿಸಿ ಗಟ್ಟಿಯಾಗಿ ಅತ್ತಳು. ಆಮೇಲೆ ವಿನೋದಾಗೆ ಹಿಂದಕ್ಕೆ ಕೊಟ್ಟು, “ಅಡಿಯಲ್ಲಿ ಇನ್ನೂ ಉಂಟಲ್ಲ, ಓದು” ಎಂದಳು.

ಅಡಿಯಲ್ಲಿ ಸಣ್ಣ ಅಕ್ಷರದಲ್ಲಿ ಹೀಗಿತ್ತು:

‘ಮಾವನಿಗೆ. ತರಬೇತಿಯ ಮೊದಲ ತಿಂಗಳೇ ನಮ್ಮ ಲಂಗರಿನವನ ಕೈಯಲ್ಲಿ ನಿಮ್ಮ ಕೈಯದ್ದೇ ಕಲೆಗಳನ್ನು ಕಂಡೆ. ಅದು ಏನೆಂದು ಆಗಲೇ ತಿಳಿಯಿತು. ಊರಿಗೆ ಬರೆಯಲಿಲ್ಲ, ಕ್ಷಮಿಸಿ. ಆಗ ನನಗೆ ಸ್ವಲ್ಪ ನಗು ಬಂದಿತ್ತು. ಈಗ ಬರುವುದಿಲ್ಲ. ಫ್ರಂಟಿನಲ್ಲಿ ಹದಿಮೂರು ದಿನ ಅವನು ತೆವಳಿಕೊಂಡು ಬಂದು ನಮಗೆ ರೊಟ್ಟಿ ಮುಟ್ಟಿಸಿದ. ಒಂದು ದಿನವೂ ತಪ್ಪಲಿಲ್ಲ. ಅವನು ಬಂದ ಎಂದರೆ ನಮ್ಮ ಹಿಂದೆ ದಾರಿ ಇನ್ನೂ ಉಂಟು ಎಂದು ಧೈರ್ಯ. ನೀವು ಹೇಳಿದ ಫ್ರಂಟನ್ನು ನಾನು ಎಲ್ಲಿಯೂ ಕಾಣಲಿಲ್ಲ ಮಾವ. ನೀವು ಹೇಳದೆ ಬಿಟ್ಟದ್ದನ್ನು ಕಂಡೆ.’

ಸಂಕಪ್ಪ ಎದ್ದು ಹಟ್ಟಿಯ ಕಡೆ ಹೋದ. ಅಲ್ಲಿ ಎಷ್ಟು ಹೊತ್ತು ನಿಂತಿದ್ದ ಎಂದು ಯಾರೂ ಕೇಳಲಿಲ್ಲ.

ಮರುದಿನವೇ ಪುದ್ದರ್. ಹೊಸ ಅಕ್ಕಿಯ ಅನ್ನವನ್ನು ಹೆಂಗಸರು ಬೇಯಿಸಿದರು, ಅಂಗಳದ ಒಲೆಯಲ್ಲಿ ಸಂಕಪ್ಪ ರೊಟ್ಟಿ ತಟ್ಟಿದ. ಪುದ್ದರಿಗೆ ರೊಟ್ಟಿ ಎಂಬ ಕ್ರಮ ಆ ಸೀಮೆಯಲ್ಲಿ ಎಲ್ಲಿಯೂ ಇಲ್ಲ. ಆ ಮನೆಯಲ್ಲಿ ಆ ವರ್ಷದಿಂದ ಉಂಟು. ಎಲೆ ಹಾಕಿದರು. ಒಕ್ಕಲುಗಳು ಕೂತರು, ಅಂಗಳದ ಸಾಲಿನ ತುದಿಯಲ್ಲಿ ಕುಂಞಿ ಕೂತ. ಕಿರಿಯರು ಒಬ್ಬೊಬ್ಬರಾಗಿ “ಹೊಸತು ಉಣ್ತೇನೆ” ಎಂದು ಪ್ರೇಮಾವತಿಗೆ ಹೇಳಿದರು. ಸಂಕಪ್ಪನೂ ಹೇಳಿದ. “ಉಣ್ಣಿ” ಎಂದು ಅವಳು ಎಲ್ಲರಿಗೂ ಅಪ್ಪಣೆ ಕೊಟ್ಟಳು.

ಇನ್ನು ಅವಳು ತುತ್ತು ಎತ್ತಬೇಕು. ಅವಳಿಗಿಂತ ಹಿರಿಯರು ಮನೆಯಲ್ಲಿ ಯಾರೂ ಇರಲಿಲ್ಲ, ಅವಳು ಯಾರಿಗೂ ಹೇಳಬೇಕಾಗಿರಲಿಲ್ಲ. ಅವಳು ಎಲೆಯ ಮೇಲಿನ ಅನ್ನಕ್ಕೆ ಕೈ ಹಾಕಿ, ನಿಲ್ಲಿಸಿ, ಹಿಟ್ಟು ಮೆತ್ತಿದ ಕೈಯಲ್ಲಿ ಬಾಗಿಲ ಬಳಿ ನಿಂತಿದ್ದ ತಮ್ಮನ ಕಡೆ ತಿರುಗಿದಳು.

“ಸಂಕಪ್ಪ, ಹೊಸತು ಉಣ್ತೇನೆ.”

ಸಾಲಿನಲ್ಲಿ ಎಲ್ಲರೂ ತಲೆ ಎತ್ತಿದರು. ಫ್ರಂಟಿನ ವಿಷಯ ಎಂದರೆ ಮೂರು ಚಹಾದವರೆಗೆ ನಿಲ್ಲದ ಬಾಯಿ, ಅವತ್ತು ಒಂದು ಶಬ್ದಕ್ಕೆ ಬಹಳ ಹೊತ್ತು ತಡಕಾಡಿತು.

“ಉಣ್ಣು ಅಕ್ಕ” ಎಂದ ಸಂಕಪ್ಪ.